ಮಡಚಿಟ್ಟ ಹಸಿರು ವೈರು

ಆ ಮದುವೆಯ ಬಗ್ಗೆ ಹುಬ್ಬಳ್ಳಿಯಲ್ಲಿ ಈಗ ನಾಲ್ಕು ಕಥೆಗಳಾದರೂ ಓಡಾಡುತ್ತಿವೆ. ಒಂದರಲ್ಲಿ ಬಾಸ್ ಗಿಟಾರಿಗೆ ಬೆಂಕಿ ಹತ್ತಿತು. ಇನ್ನೊಂದರಲ್ಲಿ ಮದುಮಗನಿಗೇ ಶಾಕ್ ಹೊಡೆಯಿತು. ಎರಡೂ ಸುಳ್ಳು. ನಾನು ಮೂರನೇ ಸಾಲಿನಲ್ಲಿ, ಎಡಗಡೆಯಿಂದ ಎರಡನೇ ಕುರ್ಚಿಯಲ್ಲಿ ಕೂತಿದ್ದೆ. ಕಂಡದ್ದನ್ನು ಕಂಡ ಕ್ರಮದಲ್ಲೇ ಬರೆಯುತ್ತೇನೆ. ಊಹಿಸಿದ ಕಡೆ ಊಹೆ ಎಂದು ಹೇಳುತ್ತೇನೆ.

ನನ್ನ ಕೆಲಸ ಬಾಸ್ ಗಿಟಾರುಗಳ ದುರಸ್ತಿ. ನಾಲ್ಕು ದಪ್ಪ ತಂತಿಗಳ, ತಗ್ಗಿನ ಸ್ವರದ ಗಿಟಾರು ಅದು. ಮದುವೆ, ಗಣೇಶನ ಹಬ್ಬ, ಕಾಲೇಜಿನ ಗ್ಯಾದರಿಂಗ್ ಎಂದು ವರ್ಷವಿಡೀ ತಿರುಗುವ ಆರ್ಕೆಸ್ಟ್ರಾದವರು ಅದನ್ನು ನನ್ನಲ್ಲಿಗೆ ತರುತ್ತಾರೆ. ಹಳೇ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ, ಒಂದು ಮಾಳಿಗೆಯ ಮೇಲೆ ನನ್ನ ಕೋಣೆ. ಬಾಗಿದ ಕತ್ತು ನೆಟ್ಟಗೆ ಮಾಡುತ್ತೇನೆ, ಕತ್ತಿನ ಮೇಲಿನ ಸವೆದ ಫ್ರೆಟ್ಟಿನ ಅಡ್ಡಪಟ್ಟಿ ತೆಗೆದು ಹೊಸದು ಬಡಿಯುತ್ತೇನೆ, ತಂತಿಯ ಅದುರನ್ನು ಹಿಡಿದು ಕರೆಂಟಾಗಿಸುವ ಪಿಕಪ್ಪು ಸತ್ತಿದ್ದರೆ ಮತ್ತೆ ಸುತ್ತುತ್ತೇನೆ. ಹಿಂಬದಿಯ ಮುಚ್ಚಳ ತೆಗೆದರೆ ಒಳಗೆ ಅಕ್ಕಿಕಾಳು ಸಿಗುತ್ತವೆ, ಅರಿಷಿಣ ಹಚ್ಚಿದವು. ಯಾರ ಯಾರ ಮದುವೆಯವೋ. ಅವನ್ನು ಒಂದು ಬಾಟಲಿಯಲ್ಲಿ ಹಾಕಿಡುತ್ತಾ ಬಂದಿದ್ದೇನೆ. ಎಸೆಯಲು ಮನಸ್ಸಾಗುವುದಿಲ್ಲ, ಇಟ್ಟುಕೊಂಡು ಮಾಡುವುದೂ ಏನಿಲ್ಲ.

ನಮ್ಮದು ಹತ್ತಿ ವ್ಯಾಪಾರದ ಮನೆತನ. ಅಜ್ಜ ಹತ್ತಿಯ ಎಳೆಯನ್ನು ಎರಡು ಬೆರಳಲ್ಲಿ ಎಳೆದು ನೋಡಿ ಅದು ಯಾವ ಊರಿನ ಹೊಲದ್ದು ಎಂದು ಹೇಳುತ್ತಿದ್ದರಂತೆ. ನಾನು ತಾಮ್ರದ ಎಳೆ ಎಳೆಯುತ್ತೇನೆ. ಇದನ್ನು ನೋಡಿಯೇ ಚಾಚಾ ನನ್ನನ್ನು 'ಸಾವಕಾರ್ರ' ಎಂದು ಕರೆಯಲು ಶುರು ಮಾಡಿದ್ದು.

ಚಾಚಾ ಎಂದರೆ ಈ ಬರಹದ ಬಾಸ್ ವಾದಕ. ವಯಸ್ಸು ಐವತ್ತೈದು ದಾಟಿದೆ. ಹಗಲು ಹಳೇ ಹುಬ್ಬಳ್ಳಿಯಲ್ಲಿ ತಮ್ಮನ ಜೊತೆ ಟ್ರ್ಯಾಕ್ಟರ್, ಬೈಕುಗಳ ಸೀಟಿಗೆ ಕವರ್ ಹೊಲಿಯುತ್ತಾರೆ. ಮದುವೆಯ ದಿನ ಇಸ್ತ್ರಿ ಮಾಡಿದ ಕರಿ ಅಂಗಿ ಹಾಕಿಕೊಂಡು ವೇದಿಕೆಯ ಎಡಮೂಲೆಯಲ್ಲಿ ನಿಂತು ಬಾಸ್ ಬಾರಿಸುತ್ತಾರೆ. ಕೂತು ಬಾರಿಸಿದ್ದನ್ನು ನಾನು ಕಂಡಿಲ್ಲ. "ಕುಂತ ಮಾಡೂ ಕೆಲಸ ಹಗಲೆಲ್ಲಾ ಐತಲ್ರಿ" ಎನ್ನುತ್ತಾರೆ. ಹತ್ತು ವರ್ಷದಿಂದ ಅವರ ಬಾಸಿನ ದುರಸ್ತಿ ನನ್ನ ಕೈಯಲ್ಲೇ ಇದೆ.

ಆ ವಾರ ಅದನ್ನು ಪೂರ್ತಿ ಬಿಚ್ಚಿದ್ದೆ. ಗುಂಯ್ ಎನ್ನುವ ಸಪ್ಪಳ ಬರುತ್ತಿದೆ ಎಂದು ಚಾಚಾ ದೂರಿದ್ದರು. ಕಾರಣ ಸಣ್ಣದು. ತಂತಿಗಳು ಕೂರುವ ಕಬ್ಬಿಣದ ಪಟ್ಟಿಯಿಂದ ಒಳಗೆ ಒಂದು ತೆಳು ವೈರು ಹೋಗಿ, ಕೇಬಲ್ಲಿನ ಮೂಲಕ, ಸ್ವರವನ್ನು ದೊಡ್ಡದು ಮಾಡುವ ಆಂಪಿನ ತಗಡಿನ ಮೈಗೆ ಸೇರುತ್ತದೆ. ಆಂಪಿನ ಮೈಯಿಂದ ಅದು ನೆಲಕ್ಕೆ ಸೇರಬೇಕು. ಈ ವೈರು ಬಿಟ್ಟುಹೋದರೆ ಬಾಸ್ ಗುಂಯ್‌ಗುಡುತ್ತದೆ. ಚಾಚಾನ ಬಾಸಿನಲ್ಲಿ ಅದು ಬಿಟ್ಟಿತ್ತು. ನಾನು ಹೊಸ ವೈರು ಎಳೆದು, ಪಟ್ಟಿಯ ಅಡಿಯ ಮರವನ್ನು ಒಂದಿಷ್ಟು ಕೆತ್ತಿ, ತಾಮ್ರದ ಹಾಳೆ ಕೂರಿಸಿ ಬೆಸುಗೆ ಹಾಕಿದೆ. ಅಷ್ಟು ಒಳ್ಳೆಯ ಬೆಸುಗೆಯನ್ನು ಆ ವರ್ಷ ನಾನು ಹಾಕಿರಲಿಲ್ಲ. ಇದನ್ನು ಹೆಮ್ಮೆಗೆ ಹೇಳುತ್ತಿಲ್ಲ. ಮುಂದೆ ಲೆಕ್ಕಕ್ಕೆ ಬರುತ್ತದೆ.

ಮದುವೆ ಗಬ್ಬೂರ ಬೈಪಾಸಿನ ಹತ್ತಿರದ ಒಂದು ಕಲ್ಯಾಣ ಮಂಟಪದಲ್ಲಿ. ಹುಡುಗಿಯ ಕಡೆಯವರು ನಮಗೆ ಹತ್ತಿಯ ಕಾಲದಿಂದ ಪರಿಚಯ, ಹಾಗಾಗಿ ಕರೆ ಇತ್ತು. ಬಾಸ್ ಹೇಗೆ ಕೇಳಿಸುತ್ತದೆ ನೋಡೋಣ ಎಂಬುದೂ ಮನಸ್ಸಿನಲ್ಲಿತ್ತು.

ಅಕ್ಕಿಕಾಳು ಬಿದ್ದ ಮೇಲೆ ಅದೇ ವೇದಿಕೆಯ ಮೇಲೆ ರಿಸೆಪ್ಶನ್ ಎಂದು ತೀರ್ಮಾನವಾಯಿತು. ವೇದಿಕೆಯ ತುಂಬ ಹೂವು, ಅಕ್ಕಿ, ತುಳಿದ ಬಾಳೆಹಣ್ಣು. ಕೆಲಸದ ಹೆಂಗಸು ಬಕೆಟ್ ತಂದು ಚೊಕ್ಕವಾಗಿ ಒರೆಸಿದಳು. ನಡುವಿನ ಭಾಗಕ್ಕೆ ಜಮಖಾನೆ ಹಾಸಿದರು. ಹಾಡುವವರು, ಕೀಬೋರ್ಡಿನವರು, ಡ್ರಮ್ಮಿನವರು ಜಮಖಾನೆಯ ಮೇಲೆ ಬಂದರು. ಎಡಮೂಲೆಗೆ ಅದು ಸಾಲಲಿಲ್ಲ. ಅಲ್ಲಿ ನೆಲ ಇನ್ನೂ ಒದ್ದೆ ಇತ್ತು.

ವರನ ಅಜ್ಜಿ ಮುಂದಿನ ಸೋಫಾದಿಂದ ಕೈ ಎತ್ತಿದರು. "ಈಗಿನ್ನೂ ಅಕ್ಕಿಕಾಳು ಬಿದ್ದ ಜಾಗಾರೀ ಅದು. ಚಪ್ಪಲಿ ಮೆಟ್ಟಿ ಏರತಾರೇನು?"

ಎಲ್ಲರೂ ಕಳಚಿದರು. ಎಲ್ಲರಿಗಿಂತ ಮೊದಲು ಕಳಚಿದ್ದು ಚಾಚಾ. ಅಜ್ಜಿಗೆ ಕೈಯನ್ನೂ ಮುಗಿದರು. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಬಾಸ್ ಕೊರಳಿಗೆ ಹಾಕಿಕೊಂಡರು. ಆಂಪನ್ನು ಅವರ ಹಿಂದೆ ಒಂದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಇಟ್ಟಿದ್ದರು.

ಮೊದಲ ಹಾಡು ಸರಿಯಾಗಿ ಹೋಯಿತು. ಗುಂಯ್ ಸಪ್ಪಳ ಇರಲಿಲ್ಲ. ನಾನು ಕುರ್ಚಿಯಲ್ಲಿ ಸ್ವಲ್ಪ ಹಿಂದಕ್ಕೆ ಒರಗಿದೆ. ಎರಡನೇ ಹಾಡಿನ ನಡುವೆ ಚಾಚಾ ಎಲ್ಲಕ್ಕಿಂತ ದಪ್ಪ ತಂತಿಯ ಮೇಲೆ ಒಂದು ಉದ್ದ ಸ್ವರ ಬಾರಿಸಿದರು. ಕುರ್ಚಿಯ ಕಾಲಿನಿಂದ ನನ್ನ ಬೆನ್ನಿಗೆ ಬರುವಷ್ಟು ದಪ್ಪ ಸ್ವರ. ಅದು ಮುಗಿಯುವ ಮೊದಲು ಅವರ ಗಡ್ಡ ಮೇಲಕ್ಕೆ ಹೋಯಿತು. ಎಡಗೈ ಬಾಸಿನ ಕತ್ತನ್ನು ಬಿಗಿಯಾಗಿ ಹಿಡಿಯಿತು. ಬಿಡಲಿಲ್ಲ. ಮೈಯೆಲ್ಲಾ ಸಣ್ಣಗೆ, ಒಂದೇ ಸಮ ಅದುರಿತು. ಮೂರು ಎಣಿಸುವಷ್ಟು ಹೊತ್ತು. ನಾನು ಎಣಿಸಲಿಲ್ಲ, ಆಮೇಲೆ ವಿಡಿಯೋದಲ್ಲಿ ನೋಡಿದೆ.

ನಂತರ ಅವರು ಹಿಂದಕ್ಕೆ ಬಿದ್ದರು. ಕೇಬಲ್ ಜಗ್ಗಿತು, ಆಂಪು ಕುರ್ಚಿಯಿಂದ ಉರುಳಿತು, ಅದರ ವೈರು ಸಾಕೆಟ್ಟಿನಿಂದ ಕಿತ್ತು ಬಂತು. ಕೈ ಬಿಟ್ಟಿತು.

ಜನ ಚಪ್ಪಾಳೆ ತಟ್ಟಿದರು. ಇದನ್ನು ಬರೆಯದೆ ಬಿಡಬಹುದಿತ್ತು, ಆದರೆ ಕಂಡದ್ದು ಅದು. ಬಾಸಿನವನು ಹೊಸ ಹೆಜ್ಜೆ ಹಾಕಿದ ಎಂದೇ ಅವರು ತಿಳಿದರು. ಹಿಂದಿನಿಂದ ಒಬ್ಬ "ವನ್ಸ್ ಮೋರ್!" ಎಂದ. ಚಪ್ಪಾಳೆಯಲ್ಲಿ ನನ್ನವೂ ಎರಡು ಕೈ ಮೇಲೆ ಎದ್ದಿದ್ದವು. ಅವು ಒಂದಕ್ಕೊಂದು ತಾಗಿದವೋ ಇಲ್ಲವೋ ನನಗೆ ನೆನಪಿಲ್ಲ.

ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ನೋಡಿದರು. ಹೃದಯ ಸರಿಯಾಗಿತ್ತು. ಎಡಗೈಯ ನಾಲ್ಕು ಬೆರಳ ತುದಿಗೆ ಕೂದಲೆಳೆಯಂಥ ಸುಟ್ಟ ಗೆರೆಗಳು. ಒಂದು ರಾತ್ರಿ ಇಟ್ಟುಕೊಂಡು ಕಳಿಸಿದರು. ನನಗೆ ಮಾತ್ರ ಎರಡು ದಿನ ಕೆಲಸ ಸಾಗಲಿಲ್ಲ. ಬೆಸುಗೆಯ ಕಡ್ಡಿ ಹಿಡಿದರೆ ತವರ ಎಲ್ಲೆಲ್ಲೋ ಬೀಳುತ್ತಿತ್ತು. ಶಾಕ್ ಹೊಡೆದದ್ದು ಅವರಿಗೆ, ಅಂಗಡಿ ಮುಚ್ಚಿದ್ದು ನಾನು.

ಮೂರನೇ ದಿನ ಆರ್ಕೆಸ್ಟ್ರಾದ ಮಾಲಕರು ನನ್ನ ಮಾಳಿಗೆ ಏರಿ ಬಂದರು. ಜೊತೆಗೆ ಸೌಂಡ್ ಸಿಸ್ಟಮಿನವನು. ಅವನಿಗೆ ನಲವತ್ತರ ಹತ್ತಿರ, ಹದಿನೈದು ವರ್ಷದಿಂದ ನನ್ನ ಅಂಗಡಿಗೆ ಬರುತ್ತಾನೆ, 'ಗುರುಗಳ' ಎಂದೇ ಮಾತಾಡಿಸುತ್ತಾನೆ. ಬಾಸ್, ಆಂಪು, ಆಂಪಿನ ವೈರು ಮೂರನ್ನೂ ಹೊತ್ತು ತಂದಿದ್ದರು.

"ಯಾರ ತಪ್ಪು ಅಂತ ನೀವ ನೋಡಿ ಹೇಳ್ರಿ ಅಣ್ಣಾರ" ಎಂದರು ಮಾಲಕರು. "ನೀವು ನಡಬರಕ ಇದ್ದವ್ರು. ನಿಮಗ ಇದರಾಗ ಏನೂ ಸಂಬಂಧ ಇಲ್ಲ."

ಸಂಬಂಧವಿಲ್ಲದವನು ಮೊದಲು ಬಾಸ್ ಬಿಚ್ಚಿದೆ. ನನ್ನ ಬೆಸುಗೆ ಹಾಕಿದ ಹಾಗೆಯೇ ಹೊಳೆಯುತ್ತಿತ್ತು. ಒಂದು ಕೂದಲಷ್ಟೂ ಬಿರುಕಿಲ್ಲ. ಆಂಪು ಬಿಚ್ಚಿದೆ. ಕರೆಂಟ್ ಬರುವ ವೈರು ಒಳಗಿನ ತಗಡಿನ ಅಂಚಿಗೆ ಉಜ್ಜಿ ಉಜ್ಜಿ ಒಂದು ಕಡೆ ಸಿಪ್ಪೆ ಬಿಟ್ಟಿತ್ತು. ಟೆಂಪೋದಲ್ಲಿ ಕುಲುಕಿ ಸವೆದಿರಬೇಕು. ಆ ಉದ್ದ ಸ್ವರಕ್ಕೆ ಆಂಪು ಅದುರಿ ತಾಮ್ರ ತಗಡಿಗೆ ತಾಗಿರಬೇಕು. ಇದು ಊಹೆ. ತಾಗಿದ್ದಂತೂ ಹೌದು, ಸುಟ್ಟ ಕಲೆ ಇತ್ತು. ತಗಡಿನಿಂದ ನನ್ನ ಬೆಸುಗೆಯ ದಾರಿಯಲ್ಲಿ ತಂತಿಗಳಿಗೆ, ತಂತಿಯಿಂದ ಕೈಗೆ, ಬರಿಗಾಲಿನಿಂದ ಒದ್ದೆ ನೆಲಕ್ಕೆ.

ಇಂಥ ಹೊತ್ತಿಗೆಂದೇ ಆಂಪಿನ ವೈರಿನಲ್ಲಿ ಮೂರನೆಯದು ಒಂದು ಇರುತ್ತದೆ, ಹಸಿರು ಬಣ್ಣದ್ದು. ತಗಡಿಗೆ ಬಂದ ಕರೆಂಟನ್ನು ಅದು ನೆಲಕ್ಕೆ ಒಯ್ಯುತ್ತದೆ, ಫ್ಯೂಸ್ ಹಾರುತ್ತದೆ, ಮನುಷ್ಯ ಉಳಿಯುತ್ತಾನೆ. ನಾನು ಆಂಪಿನ ವೈರಿನ ತುದಿ ಎತ್ತಿಕೊಂಡೆ. ಪ್ಲಗ್ಗು ಇರಲಿಲ್ಲ. ಇದು ನಮ್ಮ ಕಡೆಯ ಪದ್ಧತಿ. ಎರಡು ವೈರುಗಳ ತುದಿ ಸುಲಿದು ಸಾಕೆಟ್ಟಿನ ತೂತಿಗೆ ತುರುಕಿ, ಅಲುಗಾಡದಂತೆ ಬೆಂಕಿಪೊಟ್ಟಣದ ಕಡ್ಡಿ ಚುಚ್ಚುತ್ತಾರೆ. ಮೂರನೆಯ ಹಸಿರು ವೈರನ್ನು ಹಿಂದಕ್ಕೆ ಮಡಚಿ, ಕರಿ ಟೇಪಿನಿಂದ ಮೂರು ಸುತ್ತು ಸುತ್ತಿದ್ದರು. ಕೊನೆಯ ಸುತ್ತಿನ ತುದಿಯನ್ನು ಮುಂದೆ ಬಿಚ್ಚಲು ಅನುಕೂಲವಾಗಲೆಂದು ಒಳಕ್ಕೆ ಒಂದಿಷ್ಟು ಮಡಚಿ ಬಿಟ್ಟಿದ್ದರು.

ಟೇಪಿನ ತುದಿಯನ್ನು ಹಾಗೆ ಮಡಚುವವನು ನಾನು. ಬೇರೆ ಯಾರೂ ಹಾಗೆ ಮಾಡಿದ್ದನ್ನು ನಾನು ಕಂಡಿಲ್ಲ.

"ಇದನ್ಯಾರು ಮಾಡಿದ್ರು?" ಎಂದೆ.

"ನಾನ ಮಾಡೇನ್ರಿ" ಎಂದ ಸೌಂಡಿನವನು, ಸಂಕೋಚವಿಲ್ಲದೆ. "ಗುಂಯ್ ಅನ್ನೂದು ಹೋಗ್ಲಿ ಅಂತ. ನೀವ ಕಲಿಸಿದ್ದಲ್ರೀ ಗುರುಗಳ?"

"ನಾನು?"

"ನೆನಪಿಲ್ಲೇನ್ರಿ? ಇದ ಟೇಬಲ್ ಮ್ಯಾಲೆ. ನಂದು ಸೌಂಡ್ ಮಿಕ್ಸರ್ ಗುಂಯ್ ಅನ್ನಾಕತ್ತಿತ್ತು. ನೀವು ಹಸರ ವೈರ್ ಬಿಚ್ಚಿ, ಮಡಚಿ, ಟೇಪ್ ಹಚ್ಚಿ, 'ಈಗ ಕೇಳು' ಅಂದ್ರಿ. ಗಪ್ ಆತು ನೋಡ್ರಿ! ಅವತ್ತಿನಿಂದ ನಾ ಎಲ್ಲಾದಕ್ಕೂ ಹಂಗ ಮಾಡೇನಿ. ಧಾರವಾಡದ ಸೌಂಡಿನವ್ರಿಗೂ ಹೇಳಿಕೊಟ್ಟೇನಿ. ನಿಮ್ಮ ಹೆಸರಲೇನ ಹೇಳ್ತೇನ್ರಿ ಮತ್ತ."

ನೆನಪಾಯಿತು. ಸಪ್ಪಳ ಎಲ್ಲಿಂದ ಬರುತ್ತಿದೆ ಎಂದು ಪತ್ತೆ ಹಚ್ಚಲು ಒಂದು ನಿಮಿಷ ಹಾಗೆ ಬಿಚ್ಚಿ ನೋಡುವುದುಂಟು. ನೋಡಿದ ಮೇಲೆ ಮತ್ತೆ ಜೋಡಿಸಬೇಕು. ಅವತ್ತು ಜೋಡಿಸಿದೆನೋ ಇಲ್ಲವೋ ಗೊತ್ತಿಲ್ಲ. ಜೋಡಿಸಬೇಕೆಂದು ಅವನಿಗೆ ಹೇಳಲಿಲ್ಲ ಎಂಬುದು ಗೊತ್ತಿದೆ. ಯಾಕೆಂದರೆ ಅವನು "ವಾಹ್" ಎಂದಿದ್ದ, ನಾನು ಆ ವಾಹ್ ಕೇಳುತ್ತಾ ನಿಂತಿದ್ದೆ.

ಇದನ್ನು ಮಾಲಕರ ಮುಂದೆ ಹೇಳಿದೆ. ಹಸಿರು ವೈರು ಇದ್ದಿದ್ದರೆ ಚಾಚಾನಿಗೆ ಏನೂ ಆಗುತ್ತಿರಲಿಲ್ಲ ಎಂದೂ ಹೇಳಿದೆ. ಸೌಂಡಿನವನ ಮುಖ ಸಣ್ಣದಾಯಿತು. ಆದರೆ ಅವನು ಬುದ್ಧಿವಂತ.

"ಅಲ್ರೀ, ಬರೋಬ್ಬರಿ ಪ್ಲಗ್ ಇದ್ರ ಅದು ಜಗ್ಗಿದ್ರೂ ಕಿತ್ತ ಬರ್ತಿರಲಿಲ್ಲ. ಚಾಚಾ ಇನ್ನೂ ಹತಗೊಂಡ ಇರ್ತಿದ್ರು. ಕಡ್ಡಿ ಇದ್ದದ್ದಕ್ಕ ಉಳದ್ರು!"

ಇದು ಕೂಡ ನಿಜ. ನಾನು ಎಷ್ಟು ತಿರುಗಿಸಿ ನೋಡಿದರೂ ಅದರಲ್ಲಿ ಸುಳ್ಳು ಸಿಗಲಿಲ್ಲ.

ಮಾಲಕರು ಬೆರಳು ಮಡಚುತ್ತಾ ಎಣಿಸಿದರು. "ಹಿಂಗಂದ್ರ, ಒರಸಾಕಿ ಛಲೋ ಒರಸ್ಯಾಳ. ಅಜ್ಜಿ ಶಾಸ್ತ್ರ ಹೇಳ್ಯಾಳ. ಚಾಚಾ ಮರ್ಯಾದಿ ಕೊಟ್ಟಾರ. ನೀವು ವೈರ್ ಗಟ್ಟಿ ಹಚ್ಚೀರಿ. ಇವ ಸಪ್ಪಳ ಬಂದ್ ಮಾಡ್ಯಾನ. ಯಾರದೂ ತಪ್ಪಿಲ್ಲಂದಂಗಾತು." ಅವರ ಮುಖದಲ್ಲಿ ನೆಮ್ಮದಿ ಕಾಣಿಸಿತು. ಏಳುತ್ತಾ ಇನ್ನೊಂದು ಮಾತು ಹೇಳಿದರು. "ಖರೇ ಚಿಂತಿ ಬ್ಯಾರೆ ಐತ್ರಿ. ಚಾಚಾ ಬಾಸ್ ಮುಟ್ಟಾಕ ಒಲ್ಲೆ ಅಂತಾರ. ಬರೂ ರವಿವಾರ ಉಣಕಲ್ಲಾಗ ಪ್ರೋಗ್ರಾಮ್ ಐತಿ. ಬಂದ್ರ ಬರ್ಲಿ. ಇಲ್ಲಂದ್ರ ಕೀಬೋರ್ಡಿನಾವ ಎಡಗೈಲೆ ಬಾಸ್ ಹೊಡೀತೇನಿ ಅಂದಾನ. ಒಮ್ಮೆ ಅದು ನಡೀತಂದ್ರ, ಮುಂದ ಮತ್ತ ಒಬ್ಬರ್ನ ಹೆಂಗ ಕರ್ಕೊಂಡ ತಿರಗ್ಲಿ, ನೀವ ಹೇಳ್ರಿ."

ಚಾಚಾ ಹಿಂದಿರುಗದಿದ್ದರೆ ಅವರ ಜಾಗ ಹೋಗುತ್ತದೆ. ಅಷ್ಟೇ ವಿಷಯ. ಐವತ್ತೈದು ದಾಟಿದ ಬಾಸಿನವರನ್ನು ಇನ್ನೊಂದು ಆರ್ಕೆಸ್ಟ್ರಾ ತೆಗೆದುಕೊಳ್ಳುವುದಿಲ್ಲ. ಮೂವತ್ತು ವರ್ಷ ವಾರಕ್ಕೊಮ್ಮೆಯಾದರೂ ನಿಂತು ಮಾಡಿದ ಕೆಲಸ ಅದು.

ಮರುದಿನ ಬೆಳಿಗ್ಗೆ ಅವರ ಅಂಗಡಿಗೆ ಹೋದೆ. ಹೊಲಿಗೆ ಮಷೀನಿನ ಮುಂದೆ ಕೂತು ಒಂದು ಬುಲೆಟ್ಟಿನ ಸೀಟಿಗೆ ಕೆಂಪು ಅಂಚು ಕೊಡುತ್ತಿದ್ದರು. ಮಷೀನಿಗೂ ಕರೆಂಟಿನ ಮೋಟರು ಇತ್ತು. ಅದರ ಮೈ ಮೇಲೆ ಕೈಯಿಟ್ಟೇ ಕೂತಿದ್ದರು.

"ಇದಕ್ಕ ಅಂಜಿಕಿ ಇಲ್ಲೇನ್ರಿ?" ಎಂದೆ.

"ಇದು ನನಗ ಹೊಡದಿಲ್ಲಲ್ರಿ." ಎದುರಿನ ಗೋಡೆಯ ಮೊಳೆ ತೋರಿಸಿದರು. ಅಲ್ಲಿ ಬಾಸಿನ ಖಾಲಿ ಚೀಲ ತೂಗುತ್ತಿತ್ತು. "ನಿನ್ನೆ ಮೊಮ್ಮಗಳ ಬಟ್ಟಿ ಹಾಕೂ ತಂತಿ ಮುಟ್ಟಾಕ ಹೋದೆ. ಅರಿವಿ ಒಣಾ ಹಾಕೂ ತಂತಿ, ಸಾವಕಾರ್ರ. ಕೈ ಹಿಂದ ಬಂತು. ನಿಮ್ಮ ಚಾಚಿ ನಕ್ಕಳು. ಆಮ್ಯಾಲೆ ಒಳಗ ಹೋಗಿ ಅತ್ತಳು."

ನಾನು ನಡೆದದ್ದನ್ನು ಮೊದಲಿನಿಂದ ಹೇಳಿದೆ. ಬೆಸುಗೆ, ತಗಡು, ಕಡ್ಡಿ, ಹಸಿರು ವೈರು, ಮಡಚಿದ ಟೇಪು, ಅದನ್ನು ಯಾರು ಕಲಿಸಿದ್ದು ಎಂಬುದು. ಚಾಚಾ ಮಷೀನು ನಿಲ್ಲಿಸಿ ಕೇಳಿದರು. ದಾರವನ್ನು ಹಲ್ಲಿನಿಂದ ಕಚ್ಚಿ ಹರಿದರು.

"ಹಂಗಾರ ನನಗ ಹೊಡದದ್ದು ಕರೆಂಟ್ ಅಲ್ಲ. ನಿಮ್ಮ ವಿದ್ಯಾ."

ಅವರ ತಮ್ಮ ಒಳಗಿನಿಂದ ಚಹಾ ತಂದ. ಮೂವರೂ ಕುಡಿದೆವು.

"ಏನ ಮಾಡ್ಬೇಕು ಹೇಳ್ರಿ ಚಾಚಾ. ತಂತಿಯ ವೈರ್ ಕಿತ್ತ ಹಾಕ್ಲೇನು? ಆಗ ತಂತಿಗೆ ಕರೆಂಟ್ ಬರಾಕ ದಾರಿನ ಇರಂಗಿಲ್ಲ. ಆದ್ರ ಗುಂಯ್ ಅಂತೈತಿ."

"ಗುಂಯ್ ಅಂದ್ರ ಮಾಲಕ ಹೊರಗ ಹಾಕ್ತಾನ." ಲೋಟ ಕೆಳಗಿಟ್ಟರು. "ಬ್ಯಾಡ. ಎಲ್ಲಾ ಬರೋಬ್ಬರಿ ಮಾಡ್ರಿ. ಮಾಡಿ, ಉಣಕಲ್ಲಾಗ ಮೊದಲ ನೀವು ಹಿಡೀರಿ. ಬರಿಗಾಲಾಗ. ನೆಲಕ್ಕ ನೀರ ಹಾಕಿ. ನಾ ನೋಡ್ತೇನಿ. ನೀವು ಉಳದ್ರ ನಾ ಹಿಡೀತೇನಿ."

"ಉಳೀಲಿಲ್ಲಂದ್ರ?"

"ನಿಮ್ಮ ಬೆಸುಗಿ ಕಡ್ಡಿ ನಾನ ಇಟಗೋತೇನಿ" ಎಂದರು. ಅವರ ತಮ್ಮ ನಕ್ಕ. ಚಾಚಾ ನಗಲಿಲ್ಲ.

ನಾಲ್ಕು ದಿನ ಕೆಲಸ ಮಾಡಿದೆ. ಆಂಪಿನ ಸವೆದ ವೈರು ಬದಲಿಸಿದೆ. ಬಾಸಿನ ಆ ತೆಳು ವೈರಿನ ನಡುವೆ ಒಂದು ಸಣ್ಣ ಬಿಡಿಭಾಗ ಸೇರಿಸಿದೆ. ಅದು ಸಪ್ಪಳವನ್ನು ನೆಲಕ್ಕೆ ಹೋಗಲು ಬಿಡುತ್ತದೆ, ಮನುಷ್ಯನನ್ನು ಹಿಡಿಯುವಷ್ಟು ಕರೆಂಟನ್ನು ಬಿಡುವುದಿಲ್ಲ. ಹತ್ತು ವರ್ಷದಿಂದ ಅದು ನನ್ನ ಡಬ್ಬಿಯಲ್ಲಿ ಇತ್ತು, ಹಾಕಬೇಕೆಂದು ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಸೌಂಡಿನವನ ಎಲ್ಲ ಸಾಮಾನು ತರಿಸಿ ಹನ್ನೊಂದು ಹಸಿರು ವೈರುಗಳ ಟೇಪು ಬಿಚ್ಚಿದೆ. ಎಲ್ಲದರ ತುದಿ ಮಡಚಿತ್ತು, ಬಿಚ್ಚಲು ಅನುಕೂಲವಾಯಿತು. ಮೂರು ಕಾಲಿನ ಪ್ಲಗ್ಗು ಹಾಕಿಕೊಟ್ಟೆ.

"ಧಾರವಾಡದವ್ರಿಗೂ ಹೇಳಬೇಕೇನ್ರಿ?" ಎಂದ ಅವನು.

"ಹೇಳಬೇಕು."

"ನಿಮ್ಮ ಹೆಸರಲೇ?"

"ಹೂಂ. ನನ್ನ ಹೆಸರಲೇನ."

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಉಣಕಲ್ಲಿನ ಮಂಟಪಕ್ಕೆ ಹೋದೆವು. ವೇದಿಕೆಯ ಸಾಕೆಟ್ಟುಗಳಿಗೆ ಬಲ್ಬು ಹಚ್ಚಿ ಪರೀಕ್ಷಿಸಿದೆ. ಮೂರನೆಯ ತೂತು ಎಲ್ಲದಕ್ಕೂ ಇತ್ತು, ಒಂದಕ್ಕೂ ಹಿಂದೆ ವೈರು ಇರಲಿಲ್ಲ. ಕಟ್ಟಡಕ್ಕೆ ತೂತು ಬೇಕು ಎಂದು ಯಾರೋ ಹೇಳಿದ್ದರು, ತೂತು ಕೊರೆದಿದ್ದರು. ಹುಡುಕುತ್ತಾ ಹೋದಾಗ ಅಡುಗೆಮನೆಯಲ್ಲಿ, ದೊಡ್ಡ ರುಬ್ಬುವ ಯಂತ್ರದ ಸಾಕೆಟ್ಟಿಗೆ ಮಾತ್ರ ನೆಲದ ವೈರು ಸರಿಯಾಗಿತ್ತು. ಅಲ್ಲಿಂದ ವೇದಿಕೆಯವರೆಗೆ ಉದ್ದನೆಯ ಎಕ್ಸ್‌ಟೆನ್ಶನ್ ಎಳೆದೆ.

ಅಡುಗೆಯವರು ಸವುಟು ಹಿಡಿದು ಬಂದರು. "ಏನ್ರೀ ಯಜಮಾನ್ರ, ಐನೂರ ಮಂದಿಗೆ ಚಟ್ನಿ ರುಬ್ಬೂದು ಬಿಟ್ಟು ನಿಮ್ಮ ಬಾಜಾಕ ಕರೆಂಟ್ ಕೊಡ್ಬೇಕೇನು?"

"ಒಂದು ತಾಸು ಕೊಡ್ರಿ."

"ತಾಸಿನಾಗ ಮಂದಿ ಉಂಡ ಎದ್ದ ಹೊಕ್ಕಾರ."

ಕೊನೆಗೆ, ಊಟದ ಮೊದಲು ರುಬ್ಬಿ ಮುಗಿಸುವುದು, ಆಮೇಲೆ ಸಾಕೆಟ್ಟು ನಮ್ಮದು, ಕಡಿಮೆ ಬಿದ್ದರೆ ಮತ್ತೆ ಅವರದು ಎಂದು ಒಪ್ಪಂದವಾಯಿತು. ಆಗಲೇ ಪರೀಕ್ಷೆಗೆಂದು ಹತ್ತು ನಿಮಿಷ ಬಿಟ್ಟುಕೊಟ್ಟರು.

ಚಾಚಾ ಕರಿ ಅಂಗಿ ಹಾಕಿಕೊಂಡು ಬಂದಿದ್ದರು. ಒಂದು ತಂಬಿಗೆ ನೀರನ್ನು ತಾವೇ ತಂದು ಎಡಮೂಲೆಯಲ್ಲಿ ಸುರಿದರು. "ನಿಂದರ್ರಿ ಸಾವಕಾರ್ರ."

ನಾನು ಚಪ್ಪಲಿ ಬಿಟ್ಟೆ. ತಂತಿಗಳಿಗೆ ಟೆಸ್ಟರ್ ಹಿಡಿದೆ. ಉರಿಯಲಿಲ್ಲ. ಟೆಸ್ಟರೇ ಕೆಟ್ಟಿರಬಹುದೆಂದು ಸಾಕೆಟ್ಟಿಗೆ ಹಿಡಿದೆ. ಉರಿಯಿತು. ಮತ್ತೆ ತಂತಿಗೆ ಹಿಡಿದೆ. ಎಲ್ಲ ಲೆಕ್ಕವೂ ನನಗೆ ಗೊತ್ತಿತ್ತು, ಪ್ರತಿಯೊಂದು ಜೋಡಣೆಯೂ ನನ್ನದೇ. ಹಾಗಿದ್ದೂ ನೀರಿಗೆ ಕಾಲಿಟ್ಟಾಗ ನನ್ನ ಕೈ ಮೇಲಕ್ಕೆ ಬರಲಿಲ್ಲ. ಜೋಡಣೆ ನನ್ನದೇ ಎಂಬುದೇ ಕಾರಣವಿರಬೇಕು.

"ನೀವ ಮಾಡಿದ್ದರೀ ಅದು" ಎಂದರು ಚಾಚಾ ಮೆಲ್ಲಗೆ.

ಹಿಡಿದೆ. ಇಪ್ಪತ್ತು ಎಣಿಸಿದೆ, ಈ ಸಲ ಬಾಯಿಬಿಟ್ಟು. ತಣ್ಣನೆಯ ಉಕ್ಕು, ಅಷ್ಟೇ. ಚಾಚಾ ನನ್ನ ಮುಖ ನೋಡಲಿಲ್ಲ, ಬೆರಳುಗಳನ್ನೇ ನೋಡಿದರು. ಆಮೇಲೆ ಬಂದು ಬಾಸ್ ತೆಗೆದುಕೊಂಡರು, ಮರದ ಭಾಗ ಮಾತ್ರ ಹಿಡಿದು. ತಂತಿಯನ್ನು ಮೊದಲು ಬೆರಳಿನ ಹಿಂಬದಿಯಿಂದ ತಾಗಿಸಿದರು. ಕರೆಂಟಿದ್ದರೆ ಕೈ ಮುಷ್ಟಿಯಾಗುತ್ತದೆ, ಹಿಂಬದಿಯಿಂದ ತಾಗಿಸಿದರೆ ಮುಷ್ಟಿ ದೂರ ಸರಿಯುತ್ತದೆ. ಯಾರೋ ಅವರಿಗೆ ಹೇಳಿಕೊಟ್ಟಿದ್ದರು.

ಆಗ ಕೇಳಿಸಿತು. ಸ್ಪೀಕರಿನಲ್ಲಿ ಸಣ್ಣಗೆ ಗುಂಯ್.

"ಇದೇನ್ರಿ?"

ಆಂಪಿಗೆ ನೆಲ ಸಿಕ್ಕಿದ್ದು ಅಡುಗೆಮನೆಯಿಂದ. ಮೈಕುಗಳೆಲ್ಲ ಕೂಡುವ ಸೌಂಡ್ ಮಿಕ್ಸರಿಗೂ ಅಲ್ಲಿಂದಲೇ, ಆದರೆ ಬೇರೊಂದು ವೈರಿನ ದಾರಿಯಿಂದ. ಎರಡು ದಾರಿ ಕೂಡಿದರೆ ಗುಂಯ್ ಬರುತ್ತದೆ. ಇಷ್ಟನ್ನು ಹೇಳುವುದು ಉದ್ದವೆನಿಸಿ, ಅವರ ಧೈರ್ಯ ಕೆಡದಿರಲೆಂದು, "ಹಸರ ವೈರ್ ಕೂಡಿಸೇವಲ್ರಿ, ಅದಕ್ಕ ಬರ್ತೈತಿ" ಎಂದುಬಿಟ್ಟೆ.

ಚಾಚಾ ತಲೆದೂಗಿದರು. ತಂತಿಯ ಮೇಲೆ ಬೆರಳ ತುದಿ ಇಟ್ಟರು. ಒಂದು ಸ್ವರ, ಇನ್ನೊಂದು. ಗುಂಯ್ ಬರಬಹುದೆಂದು ಮೊದಲೇ ತಿಳಿದು ಒಂದು ಸಣ್ಣ ಟ್ರಾನ್ಸ್‌ಫಾರ್ಮರಿನ ಡಬ್ಬಿ ಕಟ್ಟಿ ತಂದಿದ್ದೆ. ಹಸಿರು ವೈರನ್ನು ಮುಟ್ಟದೆ, ಸಪ್ಪಳವನ್ನಷ್ಟೇ ತೆಗೆಯುವ ಡಬ್ಬಿ. ಅದನ್ನು ನಡುವೆ ಸೇರಿಸಿದೆ. ಗುಂಯ್ ಮಾಯವಾಯಿತು. ಪೂರ್ತಿ ಮೌನ. ಆ ಮೌನಕ್ಕಾಗಿಯೇ ಇಷ್ಟು ವರ್ಷ ಕೆಲಸ ಮಾಡಿದವನು ನಾನು.

ಚಾಚಾ ಎರಡೂ ಕೈ ಎತ್ತಿಬಿಟ್ಟರು. ಬಾಸ್ ಕೊರಳ ಪಟ್ಟಿಯಲ್ಲಿ ತೂಗಿತು.

"ಸಪ್ಪಳ ಎಲ್ಲಿ ಹೋತು?"

"ನಾನ ತೆಗದೇನ್ರಿ. ಈಗ ಛಲೋ ಆತಲ್ಲ?"

"ಅವತ್ತೂ ಹಿಂಗ ಗಪ್ ಇತ್ತು."

ಅವರಿಗೆ ಪೂರ್ತಿ ವಿವರಿಸಿದೆ. ಈಗಲೂ ಹಸಿರು ವೈರು ಇದೆ. ಗುಂಯ್ ಇದ್ದ ಮಾತ್ರಕ್ಕೆ ಕ್ಷೇಮ ಎಂದಲ್ಲ, ಇಲ್ಲದಿದ್ದರೆ ಅಪಾಯ ಎಂದೂ ಅಲ್ಲ. ಮೊದಲು ಹೇಳಿದ್ದು ಅರ್ಧ ಮಾತು, ತಪ್ಪು ನನ್ನದು. ಬಲ್ಬು ಹಚ್ಚಿ ತೋರಿಸಿದೆ. ಮತ್ತೆ ನಾನೇ ತಂತಿ ಹಿಡಿದು ತೋರಿಸಿದೆ. ಹದಿನೈದು ವರ್ಷದ ಹಿಂದೆ ಒಂದು ಅರ್ಧ ಪಾಠ ಹೇಳಿ ಸುಮ್ಮನಾಗಿದ್ದವನು, ಈಗ ಐದೇ ನಿಮಿಷದಲ್ಲಿ ಇನ್ನೊಂದು ಹೇಳಿದ್ದೆ. ಅದೂ ಮೊದಲಿನಷ್ಟೇ ಗಟ್ಟಿಯಾಗಿ ಕೂತಿತ್ತು.

ಚಾಚಾ ತಾಳ್ಮೆಯಿಂದ ಎಲ್ಲ ಕೇಳಿದರು. "ತಿಳೀತ್ರಿ. ನೀವು ಹೇಳೂದು ಖರೇ. ಆದ್ರ ಇವು ತಿಳ್ಕೊಳ್ಳಾಕ ಒಲ್ಲವು" ಎಂದು ಹತ್ತೂ ಬೆರಳು ತೋರಿಸಿದರು.

ನಾನು ಡಬ್ಬಿ ಬಿಚ್ಚಿ ಚೀಲಕ್ಕೆ ಹಾಕಿದೆ. ಗುಂಯ್ ಮರಳಿ ಬಂತು.

ಮಾಲಕರು ವೇದಿಕೆ ಏರಿ ಕಿವಿಗೊಟ್ಟರು. "ಅಣ್ಣಾರ, ಇದೇನು ಗುಂಗಿಹುಳದಂಗ?"

"ಇರ್ಲಿ ಬಿಡ್ರಿ" ಎಂದೆ.

"ಯಾರರ ಕೇಳಿದ್ರ ಏನ ಹೇಳ್ಲಿ?"

ಉತ್ತರ ಕೊಟ್ಟದ್ದು ಚಾಚಾ. "ತಂಬೂರಿ ಅನ್ರಿ. ಬೀಗರು ಕೆಲಗೇರಿ ಕಡ್ಯಾವ್ರು, ಧಾರವಾಡದ ಕಿವಿ. ತಲಿ ತೂಗ್ತಾರ." ಒಂದು ಕಿವಿಯಿಂದ ಗುಂಯ್ ಕೇಳುತ್ತಾ, ಎಲ್ಲಕ್ಕಿಂತ ತೆಳು ತಂತಿಯನ್ನು ಬಿಗಿಯುವ ಕಿವಿಯನ್ನು ಕೂದಲೆಳೆಯಷ್ಟು ತಿರುಗಿಸಿ ಅದಕ್ಕೆ ಶ್ರುತಿ ಸೇರಿಸಿದರು. ಉಳಿದ ಮೂರನ್ನೂ ಅದಕ್ಕೇ ಹೊಂದಿಸಿದರು. ಆಮೇಲೆ ಕೀಬೋರ್ಡಿನವನ ಕಡೆ ನೋಡದೆ, "ನೀನೂ ಇದಕ್ಕ ಕೂಡಿಸ್ಕೋ ತಮ್ಮಾ, ಎರಡೂ ಕೈಲೆ" ಎಂದರು.

ಮಾಲಕರು ನನ್ನ ಮುಖ ನೋಡಿದರು, ಚಾಚಾನ ಬರಿಗಾಲು ನೋಡಿದರು, ಕೆಳಗಿಳಿದು ಹೋದರು.

ಕಾರ್ಯಕ್ರಮ ಶುರುವಾದಾಗ ನಾನು ಸಭೆಯಲ್ಲಿ ಇರಲಿಲ್ಲ. ಅಡುಗೆಮನೆಯಲ್ಲಿ, ಆ ಸಾಕೆಟ್ಟಿನ ಪಕ್ಕ ಒಂದು ಸ್ಟೂಲ್ ಹಾಕಿ, ಪ್ಲಗ್ಗಿಗೆ ಕಾಲು ಅಡ್ಡ ಇಟ್ಟು ಕೂತಿದ್ದೆ. ಒಪ್ಪಂದದ ಮೇಲೆ ನನಗೆ ಅಷ್ಟು ನಂಬಿಕೆಯಿರಲಿಲ್ಲ. ನಿರೀಕ್ಷಿಸಿದಂತೆ ಮೊದಲ ಪಂಕ್ತಿಗೇ ಚಟ್ನಿ ಕಡಿಮೆ ಬಿತ್ತು. ಅಡುಗೆಯವರು ಬಂದು ನಿಂತರು.

"ಐದ ನಿಮಿಷ, ಯಜಮಾನ್ರ."

"ಆಗಂಗಿಲ್ರಿ."

"ಬರೇ ಎರಡು ತಿರುವು."

"ಅಲ್ಲಿ ಒಬ್ಬರು ತಂತಿ ಹಿಡಕೊಂಡ ನಿಂತಾರ್ರಿ. ಇದನ್ನ ಕಿತ್ತ್ರ ಅವರು ಮತ್ತ ಹಿಡಿಯಂಗಿಲ್ಲ."

ಅಡುಗೆಯವರು ನನ್ನನ್ನೂ ಪ್ಲಗ್ಗನ್ನೂ ನೋಡಿದರು. ಏನು ತಿಳಿದುಕೊಂಡರೋ, ಕಲ್ಲಿನ ಒರಳಿನ ಕಡೆ ಹೋಗಿ ಇಬ್ಬರು ಹೆಂಗಸರನ್ನು ಕೂಗಿದರು.

ಗೋಡೆಯ ಆಚೆಯಿಂದ ಹಾಡಿನ ಮಾತು ಕೇಳಿಸುತ್ತಿರಲಿಲ್ಲ, ಬಾಸ್ ಮಾತ್ರ ಬರುತ್ತಿತ್ತು. ಮೊದಲ ಹಾಡಿನಲ್ಲಿ ಸ್ವರಗಳು ತುಂಡು ತುಂಡಾಗಿದ್ದವು. ಒಂದು ಸ್ವರ ಬಾರಿಸಿ ಕೈ ತೆಗೆಯುತ್ತಿದ್ದರು, ಮತ್ತೆ ಇಡುತ್ತಿದ್ದರು. ಕಾದ ಹಂಚು ಮುಟ್ಟಿ ನೋಡಿದ ಹಾಗೆ. ಎರಡನೇ ಹಾಡು ಬಂದಾಗ ನಾನು ಎದ್ದು ನಿಂತೆ. ಅದೇ ಹಾಡಲ್ಲ, ಆದರೆ ಎರಡನೆಯದು. ಅದೂ ತುಂಡಾಗಿಯೇ ಮುಗಿಯಿತು, ಆದರೆ ಮುಗಿಯಿತು. ಮೂರನೆಯದು ನಿಧಾನದ ಹಾಡು. ಅದರ ಕೊನೆಯಲ್ಲಿ ಚಾಚಾ ಆ ದಪ್ಪ ತಂತಿಯಲ್ಲಿ ಒಂದು ಸ್ವರ ಬಾರಿಸಿದರು. ಕೈ ತೆಗೆಯಲಿಲ್ಲ. ಕಟ್ಟೆಯ ಮೇಲೆ ಜೋಡಿಸಿಟ್ಟ ಸ್ಟೀಲಿನ ತಾಟುಗಳು ಸಣ್ಣಗೆ ಅದುರಿದವು. ನಾನು ಎಣಿಸತೊಡಗಿದೆ. ಒಂಬತ್ತರವರೆಗೆ ಎಣಿಸಿದೆ. ಅಷ್ಟರಲ್ಲಿ ಚಟ್ನಿ ರುಬ್ಬುತ್ತಿದ್ದ ಹೆಂಗಸೊಬ್ಬಳು, ಪ್ಲಗ್ಗಿಗೆ ಅಡ್ಡ ಇಟ್ಟ ಕಾಲನ್ನು ಸ್ವಲ್ಪ ಸರಿಸಿದರೆ ಅಲ್ಲಿರುವ ಕೊಬ್ಬರಿಯ ಬುಟ್ಟಿ ತೆಗೆದುಕೊಳ್ಳುತ್ತೇನೆ ಎಂದಳು. ಕಾಲು ಸರಿಸಲು ನನಗೆ ಮನಸ್ಸಾಗಲಿಲ್ಲ. ಬುಟ್ಟಿಯನ್ನು ನಾನೇ ಎತ್ತಿಕೊಟ್ಟೆ.